ಮೀನು ಕೊನೆಗೆ ಬರಲಿ

ಮನೆಯಲ್ಲಿ ಹವಳದ ತೊಟ್ಟಿ ಇಡುವವರ ಬಗ್ಗೆ ಎರಡು ಬಗೆಯ ಮಾತು ಕೇಳುತ್ತೇವೆ. ಅದು ದುಡ್ಡಿದ್ದವರ ಶೋಕಿ, ಕಡಲಿನ ಜೀವವನ್ನು ಗಾಜಿನೊಳಗೆ ಕೂಡಿಹಾಕುವ ಕ್ರೌರ್ಯ, ಸರ್ಕಾರ ನಿಷೇಧಿಸಬೇಕು ಎನ್ನುವುದು ಒಂದು. ಇನ್ನೊಂದು ಅಂಗಡಿಯವರದ್ದು: ಈಗೆಲ್ಲ ಸುಲಭ ಸಾರ್, ಎರಡಡಿ ತೊಟ್ಟಿ, ಒಂದು ಪ್ಯಾಕೆಟ್ ಉಪ್ಪು, ಒಂದು ಲೈಟು, ಸಂಜೆಗೇ ನೀಮೋ ಈಜಾಡ್ತದೆ. ನಮಗೆ ಎರಡೂ ಒಪ್ಪಿಗೆಯಿಲ್ಲ. ಹವಳದ ತೊಟ್ಟಿಯನ್ನು ಕಾನೂನು ಮುರಿಯದೆ, ಕಡಲನ್ನು ದೋಚದೆ, ಸಾಧಾರಣ ಸಂಬಳದ ಮನೆಯಲ್ಲೂ ಇಡಬಹುದು. ಆದರೆ ಅಂಗಡಿಯವರು ಮಾರುವ ಕ್ರಮ ಏನಿದೆಯೋ ಅದನ್ನು ಪೂರ್ತಿ ತಿರುವುಮುರುವು ಮಾಡಬೇಕು. ಅವರು ಮೀನಿನಿಂದ ಶುರು ಮಾಡುತ್ತಾರೆ. ಮೀನು ಬರಬೇಕಾದ್ದು ಕಟ್ಟಕಡೆಗೆ.

ಕರಾವಳಿಯ ಪೇಟೆಗಳಲ್ಲಿ ಈಗ ಬಣ್ಣದ ಮೀನಿನ ಅಂಗಡಿಗೆ ಬರವಿಲ್ಲ. ಗಪ್ಪಿ, ಗೋಲ್ಡ್ ಫಿಶ್ ಮಾರುತ್ತಿದ್ದವರಲ್ಲಿ ಕೆಲವರು ಒಂದು ಮೂಲೆಯಲ್ಲಿ ನೀಲಿ ಲೈಟು ಹಾಕಿ ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾರೆ. ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. 2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದಾಗಿನಿಂದ ಮಕ್ಕಳಿಗೆ ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಕ್ಲೌನ್ ಫಿಶ್ ಬೇಕೇಬೇಕು. ಅಪ್ಪ ತೊಟ್ಟಿ, ಉಪ್ಪು, ಮೀನು ಎಲ್ಲ ಒಂದೇ ದಿನ ಕೊಂಡು ಮನೆಗೆ ಹೋಗುತ್ತಾನೆ. ನಾಲ್ಕನೇ ದಿನ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಎಂಟನೇ ದಿನ ತಳದಲ್ಲಿ ಮಲಗುತ್ತದೆ. ಅಂಗಡಿಯವರನ್ನು ಕೇಳಿದರೆ ‘ಜಾಸ್ತಿ ತಿಂಡಿ ಹಾಕಿದ್ರಿ’ ಎಂಬ ಉತ್ತರ ಸಿದ್ಧವಿರುತ್ತದೆ. ಇನ್ನೊಂದು ಜೊತೆ ಮೀನು ಮಾರಾಟವಾಗುತ್ತದೆ.

ಆ ಮೀನು ಸತ್ತದ್ದು ತಿಂಡಿಯಿಂದಲ್ಲ, ತನ್ನದೇ ಹೊಲಸಿನಿಂದ. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ, ಉಳಿದ ತಿಂಡಿ ಕೊಳೆತರೂ ಅದೇ ಹುಟ್ಟುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಅದೇ ವಿಷ. ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಅದು ಅಷ್ಟು ಅಪಾಯದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಸಂದಿ, ಮರಳಿನ ಪದರಗಳಲ್ಲಿ ಮನೆ ಮಾಡಿ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಕೃಷಿಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಸಿ ಸೆಗಣಿಯನ್ನು ತಂದು ಸಸಿಯ ಬುಡಕ್ಕೆ ಸುರಿದರೆ ಬೇರು ಸುಟ್ಟುಹೋಗುತ್ತದೆ, ಗುಂಡಿಯಲ್ಲಿ ಕಳಿತ ಮೇಲೆ ಅದೇ ಗೊಬ್ಬರ. ತೊಟ್ಟಿಯೂ ಕಳಿಯಬೇಕು. ಆ ಆರು ವಾರ ತೊಟ್ಟಿಯಲ್ಲಿ ನೀರು, ಕಲ್ಲು, ಮರಳು, ಓಡುವ ಪಂಪು ಬಿಟ್ಟರೆ ನೋಡಲು ಏನೂ ಇರುವುದಿಲ್ಲ. ಅಮೋನಿಯಾದ ಮೂಲವಾಗಿ ಚಿಟಿಕೆ ಮೀನಿನ ತಿಂಡಿಯನ್ನೋ ಸಣ್ಣ ಸಿಗಡಿಯ ತುಂಡನ್ನೋ ಹಾಕಿ, ಪರೀಕ್ಷಾ ಕಿಟ್‌ನಲ್ಲಿ ದಿನ ಬಿಟ್ಟು ದಿನ ನೋಡುತ್ತಿರಬೇಕು. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ದಿನ ಮೊದಲ ಜೀವಕ್ಕೆ ಜಾಗ ಸಿದ್ಧ.

ಖಾಲಿ ತೊಟ್ಟಿಯನ್ನು ಆರು ವಾರ ನೋಡುತ್ತ ಕೂರುವ ತಾಳ್ಮೆ ಇಲ್ಲದವರು ಇಲ್ಲಿಗೇ ಓದು ನಿಲ್ಲಿಸಿ ಒಂದು ಗಪ್ಪಿ ತೊಟ್ಟಿ ಇಟ್ಟುಕೊಳ್ಳಬಹುದು. ಇದು ವ್ಯಂಗ್ಯವಲ್ಲ. ಗಪ್ಪಿ ಚಂದದ ಮೀನು.

ಎರಡನೇ ಸುಳ್ಳು ಅಳತೆಯದ್ದು. ಮೊದಲ ಸಲದವರಿಗೆ ಇಪ್ಪತ್ತು ಲೀಟರಿನ ಚೌಕ ಡಬ್ಬ ಸಾಕು, ಕಲಿತ ಮೇಲೆ ದೊಡ್ಡದು ಮಾಡಿ ಎಂದು ಹೇಳಿ ಮಾರುತ್ತಾರೆ. ಸಿಹಿನೀರಿನಲ್ಲಿ ಈ ಮಾತು ಹೇಗೋ ನಡೆಯುತ್ತದೆ. ಉಪ್ಪುನೀರಿನಲ್ಲಿ ಲೆಕ್ಕವೇ ಬೇರೆ. ಕಡಲಿನ ನೀರಿನಲ್ಲಿ ಸಾವಿರಕ್ಕೆ 35 ಭಾಗ ಉಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಇಪ್ಪತ್ತು ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ 35 ಇದ್ದದ್ದು ಹತ್ತಿರ ಹತ್ತಿರ 37 ಆಗುತ್ತದೆ. ನೂರು ಲೀಟರಿನಲ್ಲಿ ಅದೇ ಒಂದು ಲೀಟರ್ ಹೋದರೆ 35 ದಾಟಿ ಅರ್ಧವೂ ಏರುವುದಿಲ್ಲ. ಬಿಸಿಲಿಗೆ ಕಾಯುವುದೂ ಹಾಗೆಯೇ, ಒಂದು ಸತ್ತ ಬಸವನಹುಳು ನೀರು ಕೆಡಿಸುವುದೂ ಹಾಗೆಯೇ. ನೀರು ಕಡಿಮೆಯಾದಷ್ಟೂ ಪೆಟ್ಟು ಜೋರು. ಸಣ್ಣ ತೊಟ್ಟಿ ಕಲಿತವರ ಆಟ, ಹೊಸಬರದ್ದಲ್ಲ. ಮನೆಗೆ ಹೊಂದುವ, ಕೈಗೆ ಎಟಕುವ ಅಳತೆ ಎಂದರೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗಾಜಿನ ಲೆಕ್ಕದಲ್ಲಿ ಸುಮಾರು 127 ಲೀಟರ್, ಕಲ್ಲು ಮರಳು ಕೂತ ಮೇಲೆ ನೂರರ ಆಸುಪಾಸು ನೀರು. ಎಲ್ಲ ಸೇರಿ ಇಬ್ಬರು ದೊಡ್ಡವರಿಗಿಂತ ಹೆಚ್ಚು ಭಾರ, ಆದ್ದರಿಂದ ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಬೇಡ.

ನೀರಿನ ವಿಷಯಕ್ಕೆ ಬಂದರೆ ಕರಾವಳಿಯವರಿಗೆ ಒಂದು ಅತಿ ವಿಶ್ವಾಸ. ಕಡಲು ಕೂಗಳತೆಯಲ್ಲಿದೆ, ಎರಡು ಕ್ಯಾನು ತಂದರೆ ಮುಗಿಯಿತು ಎನ್ನುತ್ತಾರೆ. ಬೆಂಗಳೂರಿನವರು ದುಡ್ಡು ಕೊಟ್ಟು ಉಪ್ಪಿನ ಪುಡಿ ತರಿಸುವುದನ್ನು ಕಂಡು ನಗುತ್ತಾರೆ. ದಡದ ನೀರು ಕಡಲಿನ ನೀರಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಸ್ವಲ್ಪ ಸ್ವಲ್ಪ ದೂರದಲ್ಲೇ ಕಡಲು ಸೇರುವ ಜಿಲ್ಲೆ ಉತ್ತರ ಕನ್ನಡ. ಜೂನ್ ಮಳೆ ಹಿಡಿದ ಮೇಲೆ ಅಳಿವೆಯ ಸುತ್ತ ನೀರು ಕೆಂಪಾಗಿ, ಉಪ್ಪಿನಂಶ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಉಳಿದ ಕಾಲದಲ್ಲೂ ದಡದ ನೀರಿನಲ್ಲಿ ಊರಿನ ಚರಂಡಿ, ಬಂದರಿನ ಡೀಸೆಲ್ ಇರುತ್ತದೆ. ಕಡಲಿನ ನೀರೇ ಬೇಕೆಂದರೆ ಮಳೆಗೆ ಮುಂಚೆ, ಅಳಿವೆಯಿಂದ ದೂರ, ಆಳಕ್ಕೆ ಹೋಗುವ ಬೋಟಿನವರ ಕೈಲಿ ತರಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಎರಡು ವಾರ ಇಡಬೇಕು. ಅದರಲ್ಲಿನ ಸೂಕ್ಷ್ಮಜೀವಿಗಳು ಸತ್ತು ತಳ ಸೇರಿದ ಮೇಲೆ ಮೇಲಿನ ನೀರು ಬಳಸಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ಆ ಎರಡು ತಿಂಗಳು ಏನು ಮಾಡುತ್ತೀರಿ? ಕೊನೆಗೆ ಉಪ್ಪಿನ ಮಿಶ್ರಣವೇ ಗತಿ.

ಮಿಶ್ರಣ ಎಂದರೆ ಅಡುಗೆ ಉಪ್ಪಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಕಡಲಿನ ನೀರಿನಿಂದಲೇ ಉಪ್ಪು ತೆಗೆಯುತ್ತಾರಲ್ಲ, ಅದನ್ನೇ ಮತ್ತೆ ನೀರಿಗೆ ಕರಗಿಸಿದರೆ ಕಡಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಉತ್ತರ ಇಲ್ಲ ಎಂದೇ. ಆಗರದಲ್ಲಿ ನೀರು ಇಂಗುತ್ತ ಹೋದಂತೆ ಮೊದಲು ಸುಣ್ಣದ ಅಂಶ, ಜಿಪ್ಸಂ ತಳಕ್ಕೆ ಕೂರುತ್ತವೆ. ಆಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಹೋಗಿಬಿಡುತ್ತದೆ. ಹವಳಕ್ಕೆ ಬೇಕಾದ್ದೇ ಆ ಸುಣ್ಣ, ಆ ಮೆಗ್ನೀಸಿಯಂ. ಅದಕ್ಕೇ ಎಲ್ಲ ಲವಣಗಳನ್ನೂ ಕಡಲಿನ ಪ್ರಮಾಣದಲ್ಲೇ ಸೇರಿಸಿದ ಅಕ್ವೇರಿಯಂ ಉಪ್ಪು ಬೇಕು. ಲೀಟರಿಗೆ 35ರಿಂದ 38 ಗ್ರಾಂ, ನೂರು ಲೀಟರಿಗೆ ಮೂರೂವರೆ ಕಿಲೋ ದಾಟುತ್ತದೆ. ಕರಗಿಸುವುದು ಆರ್‌ಓ ನೀರಿನಲ್ಲಿ. ಬಾವಿ, ಬೋರ್‌ವೆಲ್, ನಲ್ಲಿ ನೀರಿನಲ್ಲಿ ನೈಟ್ರೇಟ್, ಕ್ಲೋರಿನ್, ಪೈಪಿನ ತಾಮ್ರ ಏನಾದರೂ ಇರಬಹುದು. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರದಷ್ಟು ಕೆಟ್ಟದ್ದು ಬೇರೆ ಇಲ್ಲ. ಆವಿಯಾದದ್ದನ್ನು ತುಂಬುವಾಗ ಮಾತ್ರ ಉಪ್ಪಿಲ್ಲದ ಆರ್‌ಓ ನೀರು, ದಿನವೂ, ಗಾಜಿನ ಮೇಲೆ ಗುರುತು ಹಾಕಿಕೊಂಡು. ಉಪ್ಪು ಅಳೆಯಲು ತೇಲುವ ಪ್ಲಾಸ್ಟಿಕ್ ಮಾಪಕ ಬೇಡ, ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಲೈಟಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಇಲ್ಲಿಗೆ ತಿರುಗಿಸಿದರೆ ನಷ್ಟವಿಲ್ಲ.

ಬಿಸಿ ಮತ್ತು ಕರೆಂಟು, ಇವೆರಡೂ ವಿದೇಶಿ ಪುಸ್ತಕಗಳಲ್ಲಿ ಸಿಗದ ನಮ್ಮ ಕಷ್ಟ. ಅಲ್ಲಿ ತೊಟ್ಟಿ ಬೆಚ್ಚಗಿಡಲು ಹೀಟರ್ ಹಾಕು ಎನ್ನುತ್ತಾರೆ. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತಣ್ಣಗಿಡುವುದೇ ಪಾಡು. ಹವಳಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸ ಮಾಡುತ್ತವೆ. ಬೆಳಕಿನಿಂದ ಅವು ಮಾಡುವ ಆಹಾರವೇ ಹವಳಕ್ಕೆ ಮುಖ್ಯ ಊಟ, ಬಣ್ಣದ ಬಹುಪಾಲೂ ಅವುಗಳದ್ದೇ. ನೀರು ಕಾದು ಹಾಗೇ ನಿಂತರೆ ಹವಳ ಆ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಸಿದು ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ದಿಬ್ಬಗಳಲ್ಲಿ ನಡೆದದ್ದೂ ಇದೇ, 2024ರಲ್ಲಿ ಮತ್ತೆ ನಡೆದದ್ದೂ ಇದೇ. ನಿಮ್ಮ ಮನೆಯ ತೊಟ್ಟಿಗೆ ಒಂದು ಮಧ್ಯಾಹ್ನ ಸಾಕು.

ನೀರಿನ ಮೇಲೆ ಸಣ್ಣ ಫ್ಯಾನು ಇಟ್ಟರೆ ಆವಿಯಾಗುವುದರಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಈ ಉಪಾಯ ಹುಬ್ಬಳ್ಳಿ, ಬಳ್ಳಾರಿಯ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಬೆವರೇ ಆರದ ಕರಾವಳಿಯಲ್ಲಿ ಅಷ್ಟಕ್ಕಷ್ಟೇ. ಇಲ್ಲಿ ಚಿಲ್ಲರ್ ಬೇಕಾಗುತ್ತದೆ, ಅದಕ್ಕೆ ತೊಟ್ಟಿಗಿಂತ ಹೆಚ್ಚು ಬೆಲೆ. ಅಂಗಡಿಯ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ, ಏಕೆಂದರೆ ಇದನ್ನು ಹೇಳಿದರೆ ಅರ್ಧ ಗಿರಾಕಿಗಳು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ. ಹೇಳದೆ ಮಾರಿದರೆ ಮೇ ತಿಂಗಳಲ್ಲಿ ಸಾಯುವುದು ಗಿರಾಕಿಯ ಹವಳ, ಅಂಗಡಿಯದ್ದಲ್ಲ. ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಹಳ್ಳಿ ಕಡೆ ಒಂದೂವರೆ ದಿನ ಬಾರದಿರುವುದುಂಟು. ಲೈಟು ಎರಡು ದಿನ ಇಲ್ಲದಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ, ಮೋಡ ಕವಿದ ಕಡಲಿನಲ್ಲೂ ಅದು ಬದುಕುತ್ತದೆ. ನೀರಿನ ಓಟ ನಿಂತರೆ ಕೆಲವೇ ತಾಸಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಹಾಗಾಗಿ ಇನ್ವರ್ಟರಿಗೆ ಲೈಟನ್ನಲ್ಲ, ಪಂಪನ್ನು ಜೋಡಿಸಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ, ಬೆಲೆ ಒಂದು ಮೀನಿಗಿಂತ ಕಡಿಮೆ.

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ತೊಟ್ಟಿಯೊಳಗೆ ಹಾಕುವ ಕಲ್ಲು ಮತ್ತು ಹವಳ ಎಲ್ಲಿಂದ ಬರುತ್ತವೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. 2001ರಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲವನ್ನೂ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್‌ಗಳನ್ನು ಅದರ ಮೊದಲನೇ ಪರಿಶಿಷ್ಟಕ್ಕೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಕಡಲುಕುದುರೆ, ಕಡಲಸೌತೆಗಳಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಮೊದಲನೇ ಪರಿಶಿಷ್ಟದ ಜೀವಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಸತ್ತ ಹವಳಕ್ಕೂ ಇದು ಅನ್ವಯಿಸುತ್ತದೆ. ಅಂದರೆ ನೆಂಟರು ದ್ವೀಪಕ್ಕೆ ಹೋದಾಗ ಬ್ಯಾಗಿನಲ್ಲಿ ತಂದು ಶೋಕೇಸಿನಲ್ಲಿಟ್ಟ ಬಿಳಿ ಹವಳದ ತುಂಡೂ ಕಾನೂನಿನ ಕಣ್ಣಿನಲ್ಲಿ ಜಿಂಕೆ ಕೊಂಬಿನ ಸಾಲಿನದ್ದೇ. ಕಾಡಿನ ಅಂಚಿನ ಊರುಗಳಲ್ಲಿ ಜಿಂಕೆ ಕೊಂಬು ಸಿಕ್ಕ ಮನೆಯ ಸುದ್ದಿ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬರುತ್ತದೆ. ಹವಳ ಸಿಕ್ಕ ಮನೆಯ ಸುದ್ದಿಯನ್ನು ನಾವಾರೂ ಬರೆದಿಲ್ಲ. ಹವಳಕ್ಕೆ ಕಣ್ಣು, ಕಿವಿ, ಮುಖ ಇಲ್ಲದ್ದೇ ಅದರ ದುರದೃಷ್ಟ ಇರಬೇಕು. ಅದು ಕಲ್ಲೋ ಗಿಡವೋ ಎಂದು ಈಗಲೂ ಕೇಳುವವರಿದ್ದಾರೆ. ಅದು ಪ್ರಾಣಿ. ಸಾವಿರಾರು ಸಣ್ಣ ಪ್ರಾಣಿಗಳು ಸೇರಿ ಸುಣ್ಣದ ಗೂಡು ಕಟ್ಟಿಕೊಂಡ ಕಾಲೋನಿ.

ಹಾಗಾಗಿ ‘ಲೈವ್ ರಾಕ್’ ಎಂದು ಕಿಲೋ ಲೆಕ್ಕದಲ್ಲಿ ಮಾರುವುದು ನಮ್ಮ ಕಡಲಿನಿಂದಲೇ ಒಡೆದು ತಂದ ಹವಳದ ಕಲ್ಲಾದರೆ ಅದು ಕಳ್ಳಮಾಲು. ಮನ್ನಾರ್ ಕೊಲ್ಲಿಯ ದಿಬ್ಬಗಳನ್ನು ಸುಣ್ಣಕ್ಕಾಗಿ ದಶಕಗಳ ಕಾಲ ಒಡೆದರು. 1986ರಲ್ಲಿ ಅಲ್ಲಿನ 21 ದ್ವೀಪಗಳ ಸುತ್ತ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅದನ್ನೇ ನಾವು ಅಲಂಕಾರಕ್ಕಾಗಿ ಮುಂದುವರಿಸಬೇಕಿಲ್ಲ. ನಮ್ಮ ಕಡೆ ಮುರ್ಡೇಶ್ವರದಿಂದ ಕಾಣುವ ನೇತ್ರಾಣಿಯ ಸುತ್ತ ಹವಳ ಇದೆ, ಅದನ್ನು ನೋಡಲೆಂದೇ ದೂರದೂರದಿಂದ ಜನ ಬಂದು ಸ್ಕೂಬಾ ಡೈವಿಂಗ್ ಮಾಡುತ್ತಾರೆ, ಊರಿಗೆ ನಾಲ್ಕು ಕಾಸು ಬರುತ್ತದೆ. ಅಲ್ಲಿಂದ ಒಂದು ತುಂಡು ಕಿತ್ತರೆ ಆ ತುಂಡಿನ ಬೆಲೆ ಮಾತ್ರ ಹೋಗುವುದಿಲ್ಲ.

ಬದಲಿ ಇದೆ. ಸಿಮೆಂಟು ಮತ್ತು ಸೆರಾಮಿಕ್‌ನಿಂದ ಮಾಡಿದ, ತೂತು ತೂತಾದ ಕೃತಕ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಸಂದಿ ಮತ್ತು ಹರಿಯುವ ನೀರು, ಕಲ್ಲಿನ ಜಾತಕ ಅದಕ್ಕೆ ಬೇಡ. ಸಿಮೆಂಟಿನದ್ದಾದರೆ ಕೆಲವು ವಾರ ಸಿಹಿನೀರಿನಲ್ಲಿ ನೆನೆಸಿ, ಸುಣ್ಣದ ಖಾರ ಹೋಗುವವರೆಗೆ ನೀರು ಬದಲಿಸಿ ಬಳಸಬೇಕು. ಮೊದಲ ಮೂರು ತಿಂಗಳು ಬೋಳಾಗಿ ಕಾಣುತ್ತದೆ, ಕಂದು ಪಾಚಿ ಹಿಡಿದು ಇನ್ನೂ ಕುರೂಪವಾಗುತ್ತದೆ. ಆಮೇಲೆ ಅದರ ಮೇಲೆ ನೇರಳೆ ಬಣ್ಣದ ಸುಣ್ಣದ ಪಾಚಿ ಹರಡಿಕೊಂಡರೆ ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗುವುದಿಲ್ಲ.

ಹವಳಗಳ ಪೈಕಿ ಕಲ್ಲು ಹವಳ ಬೇಡವೇ ಬೇಡ ಎಂಬುದು ನಮ್ಮ ನಿಲುವು. ಕಾಯ್ದೆ ಒಂದು ಕಾರಣ, ನಮ್ಮ ಬಿಸಿಲು ಇನ್ನೊಂದು. ಮಶ್ರೂಮ್, ಲೆದರ್, ಜೊವಾಂತಿಡ್ ಎಂದು ಕರೆಯುವ ಮೆದು ಬಗೆಗಳು ಸುಣ್ಣದ ಗೂಡು ಕಟ್ಟುವುದಿಲ್ಲ, ಸಾಧಾರಣ ಎಲ್‌ಇಡಿ ಬೆಳಕಿನಲ್ಲಿ ದಿನಕ್ಕೆ ಎಂಟು ತಾಸಿನಲ್ಲೇ ಬದುಕುತ್ತವೆ, ಮಲ್ಲಿಗೆ ಬಳ್ಳಿಯ ಹಾಗೆ ಕತ್ತರಿಸಿ ಅಂಟಿಸಿದರೆ ಹೊಸದಾಗಿ ಬೆಳೆಯುತ್ತವೆ. ಹಳೆಯ ಹವ್ಯಾಸಿಗಳ ತೊಟ್ಟಿಯಲ್ಲಿ ಹೆಚ್ಚಾದ ತುಂಡು ಕೇಳಿದರೆ ಕೊಡುತ್ತಾರೆ. ಅದೇ ಸರಿಯಾದ ದಾರಿ, ಕಡಲಿನಿಂದ ಒಂದೂ ಹೊಸದಾಗಿ ಬರಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕೆಲವು ಜೊವಾಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇದೆ. ಕೈಗವಸು ಹಾಕದೆ ಮುಟ್ಟಬಾರದು, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಬೇಕು. ಅದು ಅಂಟಿದ ಕಲ್ಲನ್ನು ಕ್ಲೀನ್ ಮಾಡುವೆನೆಂದು ಬಿಸಿನೀರಿನಲ್ಲಿ ಕುದಿಸಿ, ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಮಕ್ಕಳಿರುವ ಮನೆಯಲ್ಲಿ ಮಶ್ರೂಮ್, ಲೆದರ್ ಸಾಕು.

ಕೊನೆಗೆ ಮೀನು. ನೂರು ಲೀಟರಿಗೆ ಎಷ್ಟು? ಒಂದು ಜೊತೆ ಕ್ಲೌನ್ ಫಿಶ್, ತಳದಲ್ಲಿ ಓಡಾಡುವ ಒಂದು ಗೋಬಿ, ಪಾಚಿ ಕೆರೆಯಲು ಏಳೆಂಟು ಬಸವನಹುಳು, ಬೇಕಿದ್ದರೆ ಒಂದು ಕ್ಲೀನರ್ ಸಿಗಡಿ. ಅಷ್ಟೇ. ಬಹಳ ಜನಕ್ಕೆ ಇದು ನಿರಾಸೆ ಎಂದು ಗೊತ್ತು. ಇವನ್ನೂ ಒಂದೇ ದಿನ ತುಂಬಬಾರದು. ಬಸವನಹುಳು ಮೊದಲು, ಎರಡು ಮೂರು ವಾರ ಬಿಟ್ಟು ಮೆದು ಹವಳ, ಆಮೇಲೆ ಮೀನು, ಒಂದಾದ ಮೇಲೊಂದು. ಬ್ಯಾಕ್ಟೀರಿಯಾದ ಸಂಖ್ಯೆ ಪ್ರತಿ ಸಲವೂ ಹೊಸ ಹೊರೆಗೆ ಹೊಂದಿಕೊಳ್ಳಬೇಕು. ಹೊಸ ಮೀನು ಒಂದು ತಿಂಗಳು ಬೇರೆ ಡಬ್ಬದಲ್ಲಿರಲಿ. ಬಿಳಿಚುಕ್ಕೆ ರೋಗ ಬಂದರೆ ಅಲ್ಲೇ ತಾಮ್ರದ ಔಷಧಿ ಕೊಡಬಹುದು. ಅದನ್ನು ಹವಳದ ತೊಟ್ಟಿಗೆ ಸುರಿದರೆ ರೋಗದ ಜೊತೆ ಹವಳ, ಸಿಗಡಿ, ಹುಳು ಎಲ್ಲ ಹೋಗುತ್ತವೆ.

ಬೇಡವಾದ ಮೀನುಗಳ ಬಗ್ಗೆ ಅಂಗಡಿಯವರು ಬಾಯಿ ಬಿಡುವುದಿಲ್ಲ. ನೀಲಿ ಟ್ಯಾಂಗ್, ಮಕ್ಕಳ ಭಾಷೆಯಲ್ಲಿ ಡೋರಿ, ಅಂಗೈಯಗಲದ್ದು ಒಂದಡಿ ಬೆಳೆಯುತ್ತದೆ. ಎರಡಡಿ ತೊಟ್ಟಿಯಲ್ಲಿ ಅದಕ್ಕೆ ತಿರುಗಲು ಜಾಗವಿಲ್ಲ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಸೂಕ್ಷ್ಮ ಹುಳುಗಳನ್ನಷ್ಟೇ ಹೆಕ್ಕಿ ತಿನ್ನುತ್ತದೆ, ಸಣ್ಣ ತೊಟ್ಟಿಯಲ್ಲಿ ಅದು ಹಸಿವಿನಿಂದ ಸಣ್ಣಗಾಗುತ್ತ ಸಾಯುವುದನ್ನು ನೋಡಬೇಕಾಗುತ್ತದೆ. ಚಿಟ್ಟೆ ಮೀನುಗಳಲ್ಲಿ ಬಹಳಷ್ಟಕ್ಕೆ ಹವಳವೇ ಊಟ. ಇಂಥವು ಹೆಚ್ಚಾಗಿ ಕಡಲಿನಿಂದಲೇ ಹಿಡಿದು ತಂದವು. ಆಗ್ನೇಯ ಏಷ್ಯಾದ ಕೆಲವು ಕಡೆ ಮೀನು ಮಂಕಾಗಿ ಕೈಗೆ ಸಿಗಲೆಂದು ಹವಳದ ಸಂದಿಗೆ ಸಯನೈಡ್ ಚಿಮುಕಿಸುವ ಪದ್ಧತಿ ಇದೆ. ಅದರಿಂದ ಮೀನಿನ ಒಳಾಂಗವೂ ಕೆಡುತ್ತದೆ, ಹವಳವೂ ಸಾಯುತ್ತದೆ. ಅಂಗಡಿಯಲ್ಲಿ ಚೆನ್ನಾಗಿದ್ದ ಮೀನು ಮನೆಗೆ ಬಂದು ಕಾರಣವಿಲ್ಲದೆ ಸಾಯುವುದರ ಹಿಂದೆ ಇಂಥ ಕಾರಣವೂ ಇರಬಹುದು.

ಕ್ಲೌನ್ ಫಿಶ್ ಹಾಗಲ್ಲ. ಅದನ್ನು ಸೆರೆಯಲ್ಲೇ ಮರಿ ಮಾಡಿಸಬಹುದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತನ್ನ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಈ ವಿಧಾನ ರೂಪಿಸಿ ಬಹಳ ಕಾಲವಾಯಿತು. ಈ ಮೀನಿನ ಬದುಕೇ ವಿಚಿತ್ರ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಮರಿಗಳಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಆರಿಸಿದರೆ ಸಾಕು, ಜೋಡಿ ತಾನೇ ಆಗುತ್ತದೆ. ಹೊಂದಿಕೊಂಡ ಜೋಡಿ ಹೆಂಚಿನ ಅಥವಾ ಮಡಕೆಯ ತುಂಡಿನ ಮೇಲೆ ನೂರಾರು ಮೊಟ್ಟೆ ಇಡುತ್ತದೆ. ಗಂಡು ರೆಕ್ಕೆ ಬೀಸಿ ಗಾಳಿ ಹಾಕುತ್ತ ಕಾಯುತ್ತದೆ. ಏಳೆಂಟು ದಿನಕ್ಕೆ ರಾತ್ರಿ ಕತ್ತಲಲ್ಲಿ ಮರಿ ಒಡೆಯುತ್ತದೆ. ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿ, ಆಮೇಲೆ ಆರ್ಟೀಮಿಯಾ ತಿನ್ನಿಸಿ ಸಾಕಿದರೆ ಕೆಲವು ತಿಂಗಳಲ್ಲಿ ಮಾರುವ ಗಾತ್ರಕ್ಕೆ ಬರುತ್ತದೆ. ಇಂಥ ಮರಿ ತೊಟ್ಟಿಯಲ್ಲೇ ಹುಟ್ಟಿದ್ದು, ಒಣ ತಿಂಡಿ ತಿಂದೇ ಬೆಳೆದದ್ದು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ. ಅನಿಮೋನ್ ಇಲ್ಲದಿದ್ದರೂ ಅದಕ್ಕೆ ಚಿಂತೆಯಿಲ್ಲ, ಲೆದರ್ ಹವಳದ ಮಡಿಲಲ್ಲೇ ಮಲಗುತ್ತದೆ.

ಇಲ್ಲಿಯೇ ನಮಗೆ ಸಿಟ್ಟು ಬರುವುದು. ಇದೇ ಸಂಸ್ಥೆಯ ಕೇಂದ್ರ ಕಾರವಾರದಲ್ಲೂ ಇದೆ, ಕೊಬಿಯಾ, ಕುರುಡಿ ಮೀನುಗಳ ಪಂಜರ ಕೃಷಿಯಲ್ಲಿ ಒಳ್ಳೆಯ ಕೆಲಸ ಮಾಡಿದೆ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ ಸಹಾಯಧನ ಇದೆ, ಸಿಹಿನೀರಿನದ್ದಷ್ಟೇ ಅಲ್ಲ, ಕಡಲಿನದ್ದಕ್ಕೂ. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ 60. ವಿದ್ಯೆ ಇದೆ, ದುಡ್ಡಿನ ದಾರಿ ಇದೆ, ಕಡಲು ಮನೆ ಬಾಗಿಲಲ್ಲಿದೆ. ಆದರೂ ನಮ್ಮ ಪೇಟೆಯ ಅಂಗಡಿಯಲ್ಲಿ ಮೀನು ಎಲ್ಲಿಂದ ಬಂತು ಎಂದು ಕೇಳಿದರೆ ಚೆನ್ನೈ ಎನ್ನುತ್ತಾರೆ, ಅದರ ಹಿಂದಿನದ್ದು ಗೊತ್ತಿಲ್ಲ ಎನ್ನುತ್ತಾರೆ. ಮಳೆಗಾಲದ ಎರಡು ತಿಂಗಳು ಕೈಕಟ್ಟಿ ಕೂರುವ ಮೀನುಗಾರರ ಮನೆಯಲ್ಲಿ, ಒಣಮೀನು ಬಿಟ್ಟು ಬೇರೆ ಆದಾಯವಿಲ್ಲದ ಹೆಂಗಸರ ಸಂಘಗಳಲ್ಲಿ ಹತ್ತು ಜೋಡಿ ಕ್ಲೌನ್ ಫಿಶ್ ಇಟ್ಟು ಮರಿ ಮಾಡಿಸಲು ಯಾರೂ ಕೈ ಹಿಡಿದು ಕಲಿಸುತ್ತಿಲ್ಲವೇಕೆ? ಕಷ್ಟ ಇಲ್ಲವೆಂದಲ್ಲ. ರೋಟಿಫರ್ ಬೆಳೆಸುವುದು ಹೈನುಗಾರಿಕೆಯಷ್ಟೇ ಬಿಡುವಿಲ್ಲದ ಕೆಲಸ, ಒಂದು ದಿನ ತಪ್ಪಿದರೆ ಒಂದು ತಂಡ ಮರಿಯೇ ಹೋಗುತ್ತದೆ. ಆದರೆ ದಿನಕ್ಕೆರಡು ಹೊತ್ತು ಹಾಲು ಕರೆಯುವ ಹೆಂಗಸರಿಗೆ ಶಿಸ್ತು ಹೇಳಿಕೊಡಬೇಕೇ? ಬೇಕಾದ್ದು ತರಬೇತಿ, ಮೊದಲ ವರ್ಷ ಬೆನ್ನಿಗೆ ನಿಲ್ಲುವ ಒಬ್ಬ ತಂತ್ರಜ್ಞ, ಮತ್ತು ಕೊಳ್ಳುವವರು.

ಕೊಳ್ಳುವವರು ಎಂದರೆ ನೀವು. ಗಿರಾಕಿ ಕೇಳದಿದ್ದರೆ ಅಂಗಡಿಯವರು ಹ್ಯಾಚರಿ ಮರಿ ತರಿಸುವುದಿಲ್ಲ, ಅಂಗಡಿಯವರು ತರಿಸದಿದ್ದರೆ ಹಿತ್ತಲಿನ ಹ್ಯಾಚರಿಗೆ ಮಾರುಕಟ್ಟೆ ಇಲ್ಲ. ಮೀನು ಕೊಳ್ಳುವ ಮುನ್ನ ಅದು ಅಂಗಡಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿ, ಎದುರಿಗೇ ತಿಂಡಿ ಹಾಕಿಸಿ ತಿನ್ನುವುದನ್ನು ನೋಡಿ. ಹ್ಯಾಚರಿಯದ್ದೋ ಕಡಲಿನದ್ದೋ ಎಂದು ಕೇಳಿ. ಹ್ಯಾಚರಿಯದ್ದು ಎಂದರೆ ಅದನ್ನೇ ಬಿಲ್ಲಿನಲ್ಲಿ ಬರೆಸಿ, ಮೆದು ಹವಳಕ್ಕೂ ಬಿಲ್ಲು ತೆಗೆದುಕೊಳ್ಳಿ. ಬಿಲ್ಲು ಬರೆಯಲು ಒಪ್ಪದಿದ್ದರೆ ಅಲ್ಲಿಂದ ಬರೀ ಉಪ್ಪು, ಪರೀಕ್ಷಾ ಕಿಟ್ ತೆಗೆದುಕೊಂಡು ಬನ್ನಿ. ಹೇಗಿದ್ದರೂ ಮೊದಲ ಆರು ವಾರ ಅಷ್ಟೇ ಬೇಕಾಗುವುದು.